ರಂಪದ ನಡುವೆ ಪಾಠ ತಲೆಗೆ ಹತ್ತುವುದಿಲ್ಲ

ಓದುಗರ ಪ್ರಶ್ನೆಗಳಿಗೆ ಮಕ್ಕಳ ಆಪ್ತಸಲಹೆಗಾರರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪತ್ರಗಳ ವಿಷಯ ಒಂದೇ: ಮಕ್ಕಳ ಕೋಪ, ಅಳು, ಹಟ ಮತ್ತು ಮೌನ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ವಿವರಗಳನ್ನು ಅಲ್ಪಸ್ವಲ್ಪ ಬದಲಿಸಲಾಗಿದೆ.

ಪ್ರಶ್ನೆ: ನನ್ನ ಮಗನಿಗೆ ಮೂರೂವರೆ ವರ್ಷ. ಕೇಳಿದ್ದನ್ನು ಕೊಡಿಸದಿದ್ದರೆ ಅಂಗಡಿಯಲ್ಲೇ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಸುತ್ತಲಿನವರೆಲ್ಲ ನನ್ನನ್ನೇ ನೋಡುವಾಗ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ. ಎಷ್ಟೋ ಸಲ ಬೇಡವೆಂದದ್ದನ್ನೇ ಕೊಡಿಸಿ ಬಾಯಿ ಮುಚ್ಚಿಸಿದ್ದೇನೆ. ಎರಡು ಸಲ ಹೊಡೆದೂ ಇದ್ದೇನೆ. ಕಳೆದ ತಿಂಗಳು ಅಳುತ್ತ ಅಳುತ್ತ ಉಸಿರು ಕಟ್ಟಿ ತುಟಿ ನೀಲಿಗಟ್ಟಿತು. ಅಂದಿನಿಂದ ಅವನನ್ನು ಅಳಲು ಬಿಡುವುದಕ್ಕೇ ಭಯ. ನಾನು ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಉಸಿರು ಕಟ್ಟಿದ ವಿಷಯ. ಆರು ತಿಂಗಳಿನಿಂದ ಆರು ವರ್ಷದವರೆಗಿನ ಕೆಲವು ಮಕ್ಕಳಲ್ಲಿ ಜೋರಾಗಿ ಅತ್ತಾಗ, ಸಿಟ್ಟು ಬಂದಾಗ ಅಥವಾ ನೋವಾದಾಗ ಹೀಗೆ ಉಸಿರು ನಿಲ್ಲುವುದುಂಟು. ಮಗು ಇದನ್ನು ಬೇಕೆಂದು ಮಾಡುವುದಿಲ್ಲ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ತಾನಾಗಿಯೇ ಮರಳುತ್ತದೆ, ಬೆಳೆಯುತ್ತ ಈ ತೊಂದರೆ ಬಿಟ್ಟುಹೋಗುತ್ತದೆ. ಆದರೂ ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವ ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣುವುದರಿಂದ ಅವರು ರಕ್ತಪರೀಕ್ಷೆ ಬರೆದುಕೊಡಬಹುದು. ಮತ್ತೆ ಹಾಗಾದರೆ ಮಗುವನ್ನು ಅಲುಗಾಡಿಸಬೇಡಿ, ಮುಖಕ್ಕೆ ನೀರು ಎರಚಬೇಡಿ. ಮಗ್ಗುಲಾಗಿ ಮಲಗಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ. ಒಂದು ನಿಮಿಷ ಕಳೆದರೂ ಉಸಿರು ಮರಳದಿದ್ದರೆ ತಡಮಾಡದೆ ತುರ್ತು ವೈದ್ಯಕೀಯ ನೆರವು ಕರೆಯಿರಿ.

ಇನ್ನು ರಂಪದ ಮಾತು. ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಇದು ತೀರ ಸಾಮಾನ್ಯ. ಆಸೆಯನ್ನು ತಡೆದು ಹಿಡಿಯುವ, ಮುಂದೇನಾಗುತ್ತದೆಂದು ಯೋಚಿಸುವ ಕೆಲಸ ಹಣೆಯ ಹಿಂದಿರುವ ಮಿದುಳಿನ ಮುಂಭಾಗದ್ದು. ಆ ಭಾಗ ಪೂರ್ತಿ ಪಕ್ವವಾಗುವುದು ಇಪ್ಪತ್ತೈದು ವರ್ಷದ ಆಸುಪಾಸಿನಲ್ಲಿ. ಭಯ ಮತ್ತು ಸಿಟ್ಟಿನ ಗಂಟೆ ಬಾರಿಸುವ ಒಳಭಾಗವಾದರೋ ಹುಟ್ಟಿನಿಂದಲೇ ಚುರುಕಾಗಿ ಕೆಲಸ ಮಾಡುತ್ತಿರುತ್ತದೆ. ಮೂರೂವರೆ ವರ್ಷದ ಮಗುವಿಗೆ ಗಂಟೆಯಿದೆ, ಅದನ್ನು ನಿಲ್ಲಿಸುವ ಕೈ ಇನ್ನೂ ಬೆಳೆದಿಲ್ಲ. ಅಷ್ಟು ದಿನ ಆ ಕೈ ನಿಮ್ಮದೇ ಆಗಬೇಕಾಗುತ್ತದೆ.

ರಂಪವನ್ನು ಒಮ್ಮೆ ಹತ್ತಿರದಿಂದ ಗಮನಿಸಿ. ಆರಂಭದಲ್ಲಿ ಚೀರುವುದು, ಒದೆಯುವುದು, ಎಸೆಯುವುದು ಇರುತ್ತದೆ, ಅದು ಕೋಪ. ಅದು ಬೇಗ ಏರಿ ಬೇಗ ಇಳಿಯುತ್ತದೆ. ಉದ್ದಕ್ಕೂ ಉಳಿದು, ಕೊನೆಗೆ ಎದ್ದು ಕಾಣುವುದು ಬಿಕ್ಕುವುದು, ಮೂಗೊರೆಸಿಕೊಳ್ಳುವುದು, ಅಮ್ಮನ ಸೆರಗನ್ನೋ ಕೈಯನ್ನೋ ಹುಡುಕುವುದು, ಅದು ದುಃಖ. ಕೋಪ ನೆತ್ತಿಗೇರಿದ ಆ ಒಂದೆರಡು ನಿಮಿಷಗಳಲ್ಲಿ ಬುದ್ಧಿವಾದ, ಪ್ರಶ್ನೆ, ಬೆದರಿಕೆ ಯಾವುದೂ ಒಳಗಿಳಿಯುವುದಿಲ್ಲ. ಉರಿಗೆ ಇನ್ನಷ್ಟು ಸೌದೆಯಾಗುತ್ತವೆ ಅಷ್ಟೆ. ಆ ಹೊತ್ತಿನಲ್ಲಿ ಪೆಟ್ಟಾಗುವ ವಸ್ತುಗಳನ್ನು ದೂರ ಸರಿಸಿ, ಮಗುವಿನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು, "ಅದು ಬೇಕಿತ್ತು, ಸಿಗಲಿಲ್ಲ, ಸಿಟ್ಟು ಬಂದಿದೆ. ನಾನು ಇಲ್ಲೇ ಇದ್ದೇನೆ" ಎಂದು ಮೆಲ್ಲಗೆ ಹೇಳಿ ಸುಮ್ಮನಿರಿ. ಜಾಗ ಇಕ್ಕಟ್ಟಾಗಿದ್ದರೆ ಎತ್ತಿಕೊಂಡು ಹೊರಗೆ ಬನ್ನಿ. ಅಳು ಬಿಕ್ಕಳಿಕೆಗೆ ಇಳಿದಾಗ ತಬ್ಬಿಕೊಳ್ಳಿ.

ನೀವು ಕೇಳಿದ್ದು ಎಲ್ಲಿ ತಪ್ಪಿದೆ ಎಂದು. ಹೊಡೆತವನ್ನು ಬಿಡಬೇಕೆಂಬುದು ನಿಮಗೇ ಗೊತ್ತಿದೆ, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ. ನಿಮಗೆ ಬಹುಶಃ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಕೆಲವು ಸಲ ಕೊಟ್ಟು, ಕೆಲವು ಸಲ ಕೊಡದೆ ಇದ್ದರೆ ಹಟ ಗಟ್ಟಿಯಾಗುತ್ತದೆ. ಯಾವಾಗಲೂ ಸಿಗುವ ವಸ್ತು ನಿಂತಾಗ ಮಗು ಬೇಗ ಕೈಬಿಡುತ್ತದೆ. ಅಪರೂಪಕ್ಕೊಮ್ಮೆ ಸಿಗುವಂಥದ್ದಾದರೆ "ಇನ್ನೂ ಸ್ವಲ್ಪ ಅತ್ತರೆ ಸಿಕ್ಕೀತು" ಎಂಬ ಆಸೆ ಸಾಯುವುದೇ ಇಲ್ಲ. ಆದ್ದರಿಂದ ಕೊಡುವುದಾದರೆ ಅಳುವಿಗೆ ಮೊದಲೇ ಕೊಡಿ. ಇಲ್ಲವೆಂದರೆ ಅತ್ತ ಮೇಲೂ ಇಲ್ಲ. ಹೀಗೆ ನಿರ್ಧರಿಸಿದ ಮೊದಲ ಕೆಲವು ದಿನ ರಂಪ ಕಡಿಮೆಯಾಗುವ ಬದಲು ಜೋರಾಗುತ್ತದೆ. ಅನೇಕರು ಇಲ್ಲಿಯೇ ಸೋತು ಹಿಂದೆ ಸರಿಯುತ್ತಾರೆ, ಮಗು ಮಾತ್ರ ಹೊಸ ಎತ್ತರದ ಅಳುವನ್ನು ಕಲಿತುಕೊಂಡಿರುತ್ತದೆ.

ನಿದ್ದೆಯನ್ನೂ ಲೆಕ್ಕ ಹಾಕಿ. ಮೂರರಿಂದ ಐದು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗುವನ್ನೋ ಹಸಿದ ಮಗುವನ್ನೋ ಅಂಗಡಿಗೆ ಕರೆದೊಯ್ದು ಅದರಿಂದ ಸಂಯಮ ನಿರೀಕ್ಷಿಸುವುದು ನಮ್ಮ ತಪ್ಪೇ ಹೊರತು ಮಗುವಿನದಲ್ಲ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಆಟದಲ್ಲಿ ಸೋತರೆ ಹಲಗೆಯನ್ನೇ ಮಗುಚಿ ಹಾಕುತ್ತಾನೆ. ಲೆಕ್ಕ ತಪ್ಪಾದರೆ ನೋಟ್‌ಬುಕ್ ಹರಿಯುತ್ತಾನೆ. ಸಿಟ್ಟು ಒಳಗೆ ಉಳಿಯಬಾರದು, ಹೊರಹಾಕಬೇಕು ಎಂದು ಯಾರೋ ಹೇಳಿದ್ದರಿಂದ ದಿಂಬಿಗೆ ಗುದ್ದು ಎಂದು ಹೇಳಿಕೊಟ್ಟೆ. ಈಗ ದಿಂಬಿಗೂ ಗುದ್ದುತ್ತಾನೆ, ತಂಗಿಗೂ ಗುದ್ದುತ್ತಾನೆ. ಜಗಳವೇ ಬೇಡವೆಂದು ಅವನನ್ನು ಬೇಕೆಂದೇ ಗೆಲ್ಲಿಸುತ್ತಿದ್ದೇನೆ. ಸರಿಯೇ?

ಉತ್ತರ: ದಿಂಬಿನ ಸಲಹೆ ಹಳೆಯದು, ಜನಪ್ರಿಯವಾದದ್ದು, ಮತ್ತು ತಪ್ಪು. ಮನಸ್ಸು ಕುಕ್ಕರಿನಂತೆ, ಆವಿ ಬಿಡದಿದ್ದರೆ ಸಿಡಿಯುತ್ತದೆ ಎಂಬ ಕಲ್ಪನೆಯಿಂದ ಅದು ಹುಟ್ಟಿದೆ. ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನು ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದ ವಿದ್ಯಾರ್ಥಿಗಳೇ ಕೊನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಿಟ್ಟಾಗಿದ್ದರು. ಏನೂ ಮಾಡದೆ ಸುಮ್ಮನೆ ಕುಳಿತವರಲ್ಲಿ ಕೋಪವೂ ಆಕ್ರಮಣವೂ ಅವರಿಗಿಂತ ಕಡಿಮೆಯಿದ್ದವು. ಅವರು ಕಾಲೇಜು ವಿದ್ಯಾರ್ಥಿಗಳು, ನಿಮ್ಮ ಮಗ ಒಂಬತ್ತರವನು, ನಿಜ. ಆದರೆ ಸಿಟ್ಟು ಬಂದಾಗ ಗುದ್ದುವುದನ್ನು ದಿನವೂ ಅಭ್ಯಾಸ ಮಾಡಿಸಿದರೆ ಕೈ ಕಲಿಯುವುದು ಗುದ್ದುವುದನ್ನೇ ಎಂಬುದು ನಿಮ್ಮ ಮನೆಯಲ್ಲೇ ಕಾಣುತ್ತಿದೆ.

ಹಾಗಾದರೆ ಅದುಮಿ ಹಿಡಿಯಬೇಕೇ? ಅದೂ ಅಲ್ಲ. ಈ ಎರಡರ ನಡುವೆ ಮೂರನೆಯದೊಂದು ದಾರಿಯಿದೆ: ಸಿಟ್ಟು ಬರುತ್ತಿರುವುದನ್ನು ಬೇಗ ಗುರುತಿಸುವುದು, ಅದಕ್ಕೊಂದು ಹೆಸರು ಕೊಡುವುದು, ಕೈಗೆ ಬೇರೊಂದು ಕೆಲಸ ಹಚ್ಚುವುದು. ಇದನ್ನು ಕಲಿಸಬೇಕಾದದ್ದು ಹಲಗೆ ಮಗುಚಿದ ಹೊತ್ತಿನಲ್ಲಿ ಅಲ್ಲ. ಈಜು ಕಲಿಸುವವರು ಮುಳುಗುತ್ತಿರುವವನಿಗೆ ಪಾಠ ಹೇಳುವುದಿಲ್ಲ. ಎಲ್ಲ ತಣ್ಣಗಿರುವ ಒಂದು ಸಂಜೆ, ಅವನ ಪಕ್ಕ ಕುಳಿತು ಈ ಮಾತು ತೆಗೆಯಿರಿ.

ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗನಿಗೆ, ಸಿಟ್ಟು ಮೊದಲು ಎಲ್ಲಿ ಬರುತ್ತದೆ ಎಂದು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, ಎರಡೂ ಕಿವಿಗಳನ್ನು ಮುಟ್ಟಿ ತೋರಿಸಿದ: "ಇಲ್ಲಿ ಬಿಸಿಯಾಗುತ್ತದೆ. ಆಮೇಲೆ ಕಾಲಿನ ಬೆರಳು ಮಡಚಿಕೊಳ್ಳುತ್ತದೆ. ಆಮೇಲೆ ಗೊತ್ತಾಗುವುದಿಲ್ಲ." ಆ "ಆಮೇಲೆ ಗೊತ್ತಾಗುವುದಿಲ್ಲ" ಎಂಬುದರ ಮುಂಚಿನ ಎರಡು ಮೆಟ್ಟಿಲುಗಳಷ್ಟೇ ನಮ್ಮ ಕೈಯಲ್ಲಿರುವುದು. ಕಿವಿ ಬಿಸಿಯಾದಾಗ ಎದ್ದು ನೀರು ಕುಡಿಯುವುದೆಂದು ನಾವಿಬ್ಬರೂ ಸೇರಿ ಗೊತ್ತುಮಾಡಿಕೊಂಡೆವು. ಏನು ಮಾಡಬೇಕೆಂದು ಅವನೇ ಆರಿಸಿದ. ನಾನು ಹೇಳಿದ್ದು ಬೇರೆಯೇ ಇತ್ತು, ಅವನಿಗೆ ಹಿಡಿಸಲಿಲ್ಲ. ಮೊದಲ ಎರಡು ವಾರ ನೀರಿನ ಬಾಟಲಿ ಮೇಜಿನ ಮೇಲೇ ಉಳಿಯಿತು, ಸಿಟ್ಟು ಬಂದದ್ದು ಅವನಿಗೆ ತಿಳಿಯುತ್ತಿದ್ದುದೇ ಮುಗಿದ ಮೇಲೆ. ಮೂರನೆಯ ವಾರ ಒಂದು ಸಲ ಎದ್ದುಹೋದ. ಒಂದೇ ಸಲ. ಅವನ ತಾಯಿಗೆ ಅದು ಸಾಲದೆನಿಸಿತು. ನನಗೆ ಅದೇ ದೊಡ್ಡ ಸುದ್ದಿಯಾಗಿತ್ತು.

ಹೆಸರು ಕೊಡುವುದಕ್ಕೂ ಬಲವಿದೆ. ಮುಖಗಳ ಚಿತ್ರ ನೋಡಿ "ಇದು ಕೋಪ", "ಇದು ಭಯ" ಎಂದು ಪದ ಆರಿಸುವಾಗ, ಮಿದುಳಿನೊಳಗಿನ ಎಚ್ಚರಿಕೆಯ ಗಂಟೆಯಾದ ಅಮಿಗ್ಡಲದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ವಯಸ್ಕರ ಮಿದುಳಿನ ಸ್ಕ್ಯಾನ್‌ಗಳಲ್ಲಿ ಕಂಡರು. ಕನ್ನಡದಲ್ಲಂತೂ ಈ ಪದಗಳಿಗೆ ಬರವಿಲ್ಲ. ಸಿಟ್ಟು, ಸಿಡುಕು, ಮುನಿಸು, ರೋಷ, ಹೊಟ್ಟೆಕಿಚ್ಚು, ಅವಮಾನ, ಪೇಚು, ಬೇಸರ, ತಳಮಳ ಇವೆಲ್ಲ ಒಂದೇ ಅಲ್ಲ. ನಿಮ್ಮ ಮಗ ಲೆಕ್ಕದ ಹಾಳೆ ಹರಿಯುವಾಗ ಅವನಲ್ಲಿರುವುದು ಸಿಟ್ಟಿಗಿಂತ ಅವಮಾನವೇ ಇರಬಹುದು. ತಂಗಿಯ ಎದುರು ಸೋತಾಗ ಪೇಚಾಟವಿರಬಹುದು. "ಸೋತದ್ದಕ್ಕಿಂತ ಅವಳು ನಕ್ಕದ್ದು ಚುಚ್ಚಿತೇ?" ಎಂದು ಕೇಳಿ ನೋಡಿ. ನಿಮ್ಮ ಊಹೆ ತಪ್ಪಾದರೂ ಅಡ್ಡಿಯಿಲ್ಲ, ಅವನು ತಿದ್ದುತ್ತಾನೆ, ತಿದ್ದುವಾಗ ತನ್ನೊಳಗನ್ನು ತಾನೇ ನೋಡಿಕೊಳ್ಳುತ್ತಾನೆ.

ಉಸಿರಾಟವನ್ನು ಕಲಿಸುವುದಾದರೆ "ದೀರ್ಘವಾಗಿ ಉಸಿರು ಎಳೆದುಕೋ" ಎನ್ನುವುದಕ್ಕಿಂತ ನಿಧಾನವಾಗಿ ಬಿಡುವುದನ್ನು ಕಲಿಸಿ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಎಳೆದುಕೊಳ್ಳುವಾಗ ತುಸು ವೇಗವಾಗುತ್ತದೆ. ಬಿಡುವುದು ಉದ್ದವಾದಷ್ಟೂ ದೇಹಕ್ಕೆ ಅಪಾಯವಿಲ್ಲವೆಂಬ ಸೂಚನೆ ಹೋಗುತ್ತದೆ. ಬಿಸಿ ಹಾಲಿನ ಲೋಟವನ್ನು ಚೆಲ್ಲದಂತೆ ಊದುವ ಹಾಗೆ ಎಂದರೆ ಮಕ್ಕಳಿಗೆ ತಕ್ಷಣ ಹಿಡಿಯುತ್ತದೆ.

ಬೇಕೆಂದೇ ಗೆಲ್ಲಿಸುವುದನ್ನು ಮೆಲ್ಲಗೆ ನಿಲ್ಲಿಸಿ. ಸೋಲನ್ನು ಸಣ್ಣ ತುಂಡುಗಳಾಗಿ ಉಣಿಸಬೇಕು. ಐದು ನಿಮಿಷದಲ್ಲಿ ಮುಗಿಯುವ, ಅದೃಷ್ಟವೇ ಹೆಚ್ಚಾಗಿರುವ ಆಟದಿಂದ ಆರಂಭಿಸಿ. ನೀವು ಸೋತಾಗ ಗಟ್ಟಿಯಾಗಿ ಹೇಳಿಕೊಳ್ಳಿ: "ಛೆ, ಗೆಲ್ಲುತ್ತೇನೆ ಅಂದುಕೊಂಡಿದ್ದೆ. ಬೇಜಾರಾಯಿತು. ಇರಲಿ, ಇನ್ನೊಂದಾಟ." ದೊಡ್ಡವರು ಗಟ್ಟಿಯಾಗಿ ಆಡಿದ ಮಾತು ಮಗುವಿನ ಪಿಸುಮಾತಾಗಿ, ಮುಂದೆ ಒಳಮಾತಾಗಿ ಅದರ ನಡತೆಯನ್ನು ಆಳುತ್ತದೆಂದು ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ 1930ರ ದಶಕದಲ್ಲೇ ವಿವರಿಸಿದ್ದರು. ಆದರೆ ತಂಗಿಗೆ ಹೊಡೆಯುವ ವಿಷಯದಲ್ಲಿ ಸಡಿಲ ಬೇಡ. ಸಿಟ್ಟು ಬರಬಹುದು, ಹೊಡೆಯುವಂತಿಲ್ಲ. ಹೊಡೆದರೆ ಅಂದಿನ ಆಟ ಅಲ್ಲಿಗೆ ಮುಗಿಯಿತು. ಅದನ್ನು ಹೇಳುವಾಗ ನಿಮ್ಮ ದನಿ ಏರದಿರಲಿ.

ಪ್ರಶ್ನೆ: ನಮ್ಮ ಹಿರಿಯ ಮಗಳು ಹುಟ್ಟಿನಿಂದಲೂ ಶಾಂತ. ಕಿರಿಯವಳು ಸಣ್ಣ ಸದ್ದಿಗೂ ಬೆಚ್ಚುತ್ತಾಳೆ, ಬಟ್ಟೆಯ ಚೀಟಿ ಚುಚ್ಚಿದರೂ ಅಳುತ್ತಾಳೆ. ಇಬ್ಬರನ್ನೂ ಒಂದೇ ರೀತಿ ಬೆಳೆಸಿದ್ದೇವೆ. ಹೀಗೇಕೆ?

ಉತ್ತರ: ಒಂದೇ ರೀತಿ ಬೆಳೆಸಿರುವುದೇ ತೊಡಕಾಗಿರಬಹುದು. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ದೀರ್ಘ ಅಧ್ಯಯನದಲ್ಲಿ ಮಕ್ಕಳನ್ನು ಶೈಶವದಿಂದ ದೊಡ್ಡವರಾಗುವವರೆಗೆ ಗಮನಿಸಿದರು. ಪ್ರತಿಕ್ರಿಯೆಯ ತೀವ್ರತೆ, ಹೊಸತಕ್ಕೆ ಹೊಂದಿಕೊಳ್ಳುವ ವೇಗ, ಸ್ಪರ್ಶ ಮತ್ತು ಸದ್ದು ತಾಕುವ ಮಟ್ಟ ಮೊದಲಾದ 9 ಗುಣಗಳಲ್ಲಿ ಮಕ್ಕಳು ಎಳವೆಯಿಂದಲೇ ಬೇರೆ ಬೇರೆಯಾಗಿರುತ್ತಾರೆಂದು ಅವರು ತೋರಿಸಿದರು. ಮಗುವಿನ ಸ್ವಭಾವವೂ ಮನೆಯ ನಿರೀಕ್ಷೆಯೂ ಎಷ್ಟು ಹೊಂದುತ್ತವೆ ಎಂಬುದು ಅವರ ಪಾಲಿಗೆ ಮುಖ್ಯವಾಗಿತ್ತು. ಚೀಟಿಯನ್ನು ಕತ್ತರಿಸಿ ತೆಗೆಯಿರಿ. ಹೊಸ ಜಾಗಕ್ಕೆ ಹೋಗುವ ಮುನ್ನ ಅಲ್ಲಿ ಏನೇನಿರುತ್ತದೆಂದು ಹೇಳಿ. ಸ್ಪರ್ಶ, ಸದ್ದುಗಳಿಂದ ಅವಳ ಊಟ, ನಿದ್ದೆ, ಶಾಲೆ ಕೆಡುವಷ್ಟು ತೊಂದರೆಯಿದ್ದರೆ ಮಕ್ಕಳ ಬೆಳವಣಿಗೆಯ ತಜ್ಞರನ್ನು ಕಾಣಿ. ಅಕ್ಕನೊಂದಿಗೆ ಹೋಲಿಸುವುದನ್ನು ಮಾತ್ರ ಇಂದೇ ಬಿಡಿ.

ಪ್ರಶ್ನೆ: ನಾನೇ ಸಿಡುಕಿನ ಮನುಷ್ಯ. ಮಕ್ಕಳು ಮಾತು ಕೇಳದಿದ್ದರೆ ಕಿರುಚುತ್ತೇನೆ, ಆಮೇಲೆ ರಾತ್ರಿಯೆಲ್ಲ ಕೊರಗುತ್ತೇನೆ. ಕ್ಷಮೆ ಕೇಳಿದರೆ ಮಕ್ಕಳ ಕಣ್ಣಲ್ಲಿ ಸಣ್ಣವನಾಗುತ್ತೇನೆಂಬ ಅಳುಕು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ನಮ್ಮ ತಂದೆ ಹೇಳುತ್ತಿದ್ದರು, ಹಾಗೆಯೇ ಬೆಳೆಸಿದರು.

ಉತ್ತರ: ಗಾದೆ ಸರಿಯಾಗಿಯೇ ಇದೆ. ಆದರೆ ಎಳೆಯ ಗಿಡವನ್ನು ಬಗ್ಗಿಸುವವರು ಅದಕ್ಕೆ ಊರುಗೋಲು ಕೊಟ್ಟು, ದಾರ ಕಟ್ಟಿ, ದಿನಕ್ಕಿಷ್ಟಿಷ್ಟೇ ವಾಲಿಸುತ್ತಾರೆ. ಒಮ್ಮೆಗೇ ಜಗ್ಗಿದರೆ ಗಿಡ ಮುರಿಯುತ್ತದೆ.

ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ನಡತೆಯನ್ನು ಬೇಗ ಎತ್ತಿಕೊಳ್ಳುತ್ತಾರೆ. ಆಲ್ಬರ್ಟ್ ಬಂಡೂರಾ 1961ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗದಲ್ಲಿ, ದೊಡ್ಡವರು ಗಾಳಿ ತುಂಬಿದ ಗೊಂಬೆಗೆ ಹೊಡೆಯುವುದನ್ನು ನೋಡಿದ ಪುಟ್ಟ ಮಕ್ಕಳು ತಮ್ಮ ಸರದಿ ಬಂದಾಗ ಅದೇ ಹೊಡೆತಗಳನ್ನು, ಅದೇ ಮಾತುಗಳನ್ನು ಆಡಿ ತೋರಿಸಿದ್ದರು. "ಕಿರುಚಬೇಡ!" ಎಂದು ಕಿರುಚುವ ತಂದೆಯಿಂದ ಮಗು ಕಲಿಯುವುದು ಎರಡನೆಯದನ್ನೇ.

ಇಷ್ಟು ಹೇಳಿ ನಿಲ್ಲಿಸಿದರೆ ನಿಮ್ಮ ಕೊರಗಿಗೆ ಇನ್ನೊಂದು ರಾತ್ರಿ ಸೇರುತ್ತದೆ, ಆದ್ದರಿಂದ ಮುಂದಿನದನ್ನೂ ಕೇಳಿ. ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮಗುವಿನೊಂದಿಗೆ ನಗುತ್ತ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕುಳಿತುಕೊಳ್ಳುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ಕೊನೆಗೆ ಸೋತು ಮುಖ ತಿರುಗಿಸುತ್ತದೆ. ನೋಡಲು ಸಂಕಟವಾಗುವ ದೃಶ್ಯ. ಆದರೆ ಟ್ರಾನಿಕ್ ಮುಂದಿನ ವರ್ಷಗಳಲ್ಲಿ ಒತ್ತಿ ಹೇಳಿದ್ದು ಬೇರೆಯದನ್ನು: ಚೆನ್ನಾಗಿರುವ ತಾಯಿ ಮಗುವಿನ ನಡುವೆಯೂ ತಾಳ ತಪ್ಪುತ್ತಲೇ ಇರುತ್ತದೆ, ತಪ್ಪಿದ್ದನ್ನು ಮತ್ತೆ ಮತ್ತೆ ಕೂಡಿಸಿಕೊಳ್ಳುವುದರಿಂದಲೇ ನಂಬಿಕೆ ಬೆಳೆಯುತ್ತದೆ. ಮುರಿದ ಮೇಲೆ ಜೋಡಿಸುವುದು ಹೇಗೆಂದು ಮಗು ಕಲಿಯಬೇಕಾದರೆ ಯಾರಾದರೂ ಅದರೆದುರು ಜೋಡಿಸಿ ತೋರಿಸಬೇಕಲ್ಲವೇ?

ಕ್ಷಮೆ ಚಿಕ್ಕದಾಗಿರಲಿ: "ನಿನ್ನೆ ನಾನು ಕಿರುಚಿದೆ. ನಿನಗೆ ಹೆದರಿಕೆಯಾಗಿರಬೇಕು. ಅದು ನನ್ನ ತಪ್ಪು. ಇನ್ನು ಮೇಲೆ ಹಾಗೆ ಸಿಟ್ಟು ಬಂದರೆ ಒಂದು ನಿಮಿಷ ಹೊರಗೆ ಹೋಗಿ ಬರುತ್ತೇನೆ." ಇದರ ಬಾಲಕ್ಕೆ "ಆದರೆ ನೀನೂ ಮಾತು ಕೇಳಬೇಕಿತ್ತು" ಎಂದು ಸೇರಿಸಿದರೆ ಮಗುವಿನ ಕಿವಿಗೆ ಉಳಿಯುವುದು ಅದೊಂದೇ. ಮಗು ನಿಮ್ಮನ್ನು ಕ್ಷಮಿಸಿತೇ, ಸಮಾಧಾನ ಹೇಳಿತೇ ಎಂದು ಕಾಯಲೂ ಬೇಡಿ. ನಿಮ್ಮ ಕೊರಗನ್ನು ಹೊರುವ ಕೆಲಸ ಅದರದಲ್ಲ. ಹೊರಗೆ ಹೋದವರು ಹೇಳಿದ ಹೊತ್ತಿಗೆ ಮರಳಿ ಬನ್ನಿ. ಮರಳದಿದ್ದರೆ ಅದು ಸಂಯಮವಾಗದೆ ಮುನಿಸಾಗುತ್ತದೆ. ನಿಮ್ಮ ಸಿಡುಕು ಯಾವ ಹೊತ್ತಿನಲ್ಲಿ ಹೆಚ್ಚೆಂದು ಒಂದು ವಾರ ಬರೆದಿಡಿ. ಬಹಳ ಜನರಿಗೆ ಅದು ಕೆಲಸದಿಂದ ಮನೆಗೆ ಬಂದ ಮೊದಲ ಅರ್ಧ ಗಂಟೆ. ಹಾಗಿದ್ದರೆ ಮನೆಪಾಠ ನೋಡುವ ಕೆಲಸವನ್ನು ಆ ಹೊತ್ತಿನಿಂದ ಸರಿಸಿಬಿಡಿ.

ಪ್ರಶ್ನೆ: ಮಗಳಿಗೆ ಹದಿಮೂರು. ಎರಡು ತಿಂಗಳ ಹಿಂದೆ ಅವಳ ಆಪ್ತ ಗೆಳತಿ ದೂರವಾದಳು. ಅಂದಿನಿಂದ ಶಾಲೆಯಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಏನಾಯಿತೆಂದರೆ "ಏನಿಲ್ಲ". "ಅದನ್ನೇ ಯೋಚಿಸಬೇಡ, ಬೇರೆ ಗೆಳತಿಯರು ಸಿಗುತ್ತಾರೆ" ಎಂದೆ. ಬಾಗಿಲು ಇನ್ನಷ್ಟು ಬಿಗಿಯಾಯಿತು.

ಉತ್ತರ: "ಯೋಚಿಸಬೇಡ" ಎಂಬುದು ಯಾರಿಂದಲೂ ಪಾಲಿಸಲಾಗದ ಸಲಹೆ. ಡೇನಿಯಲ್ ವೆಗ್ನರ್ 1987ರಲ್ಲಿ ವಿದ್ಯಾರ್ಥಿಗಳಿಗೆ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಹೇಳಿದ್ದರು. ಗಂಟೆ ಬಾರಿಸುತ್ತಲೇ ಇತ್ತು. ತಡೆ ತೆಗೆದ ಮೇಲೆ ಕರಡಿ ಇನ್ನಷ್ಟು ಬಂತು. ನಿಮ್ಮ ಮಗಳ ಗೆಳತಿ ಕರಡಿಗಿಂತ ದೊಡ್ಡವಳು. ಈ ವಯಸ್ಸಿನಲ್ಲಿ ಗೆಳೆತನ ಕಳೆದುಕೊಳ್ಳುವುದೆಂದರೆ ಮಧ್ಯಾಹ್ನ ಯಾರ ಪಕ್ಕ ಕುಳಿತುಕೊಳ್ಳಲಿ ಎಂಬ ಪ್ರಶ್ನೆಯನ್ನು ದಿನವೂ ಹೊಸದಾಗಿ ಎದುರಿಸುವುದು.

ಎದುರು ಕೂರಿಸಿ ವಿಚಾರಣೆ ಮಾಡಿದರೆ ಹದಿಹರೆಯದವರು ಬಾಯಿ ಬಿಡುವುದು ಕಡಿಮೆ. ಪಕ್ಕಪಕ್ಕದಲ್ಲಿ, ಕೈಗೆ ಕೆಲಸವಿರುವಾಗ, ಕಣ್ಣು ಬೇರೆಡೆ ಇರುವಾಗ ಮಾತು ತಾನಾಗಿ ಬರುತ್ತದೆ: ಬಟ್ಟೆ ಮಡಚುವಾಗ, ಜೊತೆಯಲ್ಲಿ ನಡೆಯುವಾಗ, ಮಲಗುವ ಮುನ್ನ ದೀಪ ಆರಿದ ಮೇಲೆ. ಬಂದಾಗ ಪರಿಹಾರ ಹುಡುಕಬೇಡಿ. "ಅವಳು ಹಾಗೆ ಮಾಡಿದ್ದು ನೋವಾಗುವಂಥದ್ದೇ" ಎಂದು ಹೇಳಿ, ಮುಂದಿನ ಮಾತು ಅವಳದಾಗಲು ಬಿಡಿ. "ನಾನು ಸುಮ್ಮನೆ ಕೇಳಬೇಕೇ, ಸಲಹೆ ಬೇಕೇ?" ಎಂದು ಕೇಳಿದರೂ ಆದೀತು. ಬಾಗಿಲು ಹಾಕಿಕೊಳ್ಳುವುದಷ್ಟೇ ಆದರೆ ಅದು ವಯಸ್ಸಿಗೆ ಸಹಜ. ತಟ್ಟಿಯೇ ಒಳಗೆ ಹೋಗಿ. ನಿದ್ದೆಯ ಕಡೆ ಗಮನವಿರಲಿ. ಈ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು, ಮತ್ತು ಹಾಸಿಗೆಯ ಪಕ್ಕದ ಮೊಬೈಲಿನಲ್ಲಿ ಆ ಗೆಳತಿಯ ಹೊಸ ಫೋಟೋಗಳು ರಾತ್ರಿಯೇ ಹೆಚ್ಚು ಚುಚ್ಚುತ್ತವೆ.

ಆದರೆ ಎರಡು ತಿಂಗಳು ಎಂದು ಬರೆದಿದ್ದೀರಿ, ಹಾಗಾಗಿ ಇದನ್ನೂ ಹೇಳಬೇಕು. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮಂಕಾಗಿದ್ದರೆ, ಮೊದಲು ಇಷ್ಟವಾಗಿದ್ದ ಯಾವುದೂ ಈಗ ಬೇಡವಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮೈಮೇಲೆ ಗಾಯದ ಗೆರೆಗಳು ಕಂಡರೆ, "ನಾನಿಲ್ಲದಿದ್ದರೆ ಚೆನ್ನಾಗಿತ್ತು" ಎಂಬಂಥ ಮಾತು ಬಂದರೆ ಕಾಯಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಿ. ಕೇಳುವುದರಿಂದ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆಂಬ ಭಯ ನಿರಾಧಾರ. ಕೇಳಿದವರೊಬ್ಬರಿದ್ದಾರೆಂಬುದೇ ಅನೇಕ ಮಕ್ಕಳಿಗೆ ಬಿಡುಗಡೆ. ಹೌದೆಂದರೆ ಬೈಯದೆ, ಗಾಬರಿ ತೋರದೆ, ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಇಲ್ಲವೆಂದರೂ ಮೇಲಿನ ಉಳಿದ ಲಕ್ಷಣಗಳಿದ್ದರೆ ಈ ವಾರವೇ ಸಮಯ ಗೊತ್ತುಮಾಡಿಕೊಳ್ಳಿ, ಮತ್ತು ಯಾರನ್ನು, ಏಕೆ ಕಾಣಲು ಹೋಗುತ್ತಿದ್ದೇವೆಂದು ಮಗಳಿಗೆ ಹೊರಡುವ ಮೊದಲೇ ಹೇಳಿ.